ಶ್ರೀರಂಗಪಟ್ಟಣದಲ್ಲಿ ಮರಳಿ ಬದುಕಿದವರು

ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ದಾವಣಗೆರೆಯಲ್ಲಿ ಸಮಾಧಿಗಳನ್ನು ಆಶೀರ್ವದಿಸಿ ಹಿಂದಿರುಗುತ್ತಿದ್ದಾಗ, ಲೋಕಿಕೆರೆಯಿಂದ ಬಂದಿದ್ದ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಸ್ವಾಮಿ, ನನ್ನ ತಮ್ಮ ಮೂವತ್ತು ವರ್ಷದಿಂದ ಪೂಜೆಗೆ ಬಂದಿಲ್ಲ. ಅವನ ಆತ್ಮ ಸತ್ತೇ ಹೋಯಿತು ಅಂತಾರೆ ಮನೆಯವರು. ಸತ್ತದ್ದು ಮತ್ತೆ ಬದುಕುತ್ತದೆಯೇ?" ಧರ್ಮೋಪದೇಶದ ಉತ್ತರ ನನಗೆ ಬಾಯಿಪಾಠವಿದೆ. ಆದರೆ ಆಗ ನೆನಪಿಗೆ ಬಂದುದು ನಮ್ಮ ನಾಡಿನದೇ ಒಂದು ಚರಿತ್ರೆ.

1784ರಲ್ಲಿ ಕರಾವಳಿಯ ಕ್ರೈಸ್ತರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾದರು. ವಿಭೂತಿ ಬುಧವಾರದಂದೇ ಇದು ನಡೆಯಿತೆಂಬುದು ಪರಂಪರೆಯ ಮಾತು. ಯುದ್ಧದಲ್ಲಿ ಅವರು ಆಂಗ್ಲರಿಗೆ ನೆರವಾದರೆಂಬುದು ಆಪಾದನೆ. ಘಟ್ಟ ಹತ್ತಿಸಿ ಅವರನ್ನು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಸಂಖ್ಯೆ 60,000ಕ್ಕೂ ಮಿಕ್ಕಿತ್ತೆಂದು ಅಬ್ಬೆ ದ್ಯುಬುವಾ ಬರೆದಿದ್ದಾರೆ. ಇತರರ ಲೆಕ್ಕಗಳು ಬೇರೆ ಬೇರೆ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಉಳಿದವರಲ್ಲಿ ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. (ಇದು ಅರಸರ ಕಾಲದ ರಾಜಕಾರಣ; ಇದರ ಹೊರೆಯನ್ನು ಇಂದಿನ ನೆರೆಹೊರೆಯವರ ತಲೆಯ ಮೇಲಿಡುವುದು ಅನ್ಯಾಯ.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಲ್ಲಿಗೆ ಬಂದವರು ಫ್ರೆಂಚ್ ಗುರು ದ್ಯುಬುವಾ. ಹದಿನೈದು ವರ್ಷ ಸಂಸ್ಕಾರಗಳಿಲ್ಲದೆ, ಬೇರೆ ಹೆಸರು ಹೊತ್ತು ಬದುಕಿದವರು ಅವರ ಮುಂದೆ ಬಂದು ನಿಂತರು. ಇವರನ್ನು ಏನೆಂದು ಕರೆಯುವುದು? ಸತ್ತವರೆಂದೇ?

ಪ್ರಶ್ನೆ ಹೊಸದಲ್ಲ. ಕ್ರಿ.ಶ. 250ರಲ್ಲಿ ದೇಸಿಯುಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ರೋಮಿನ ದೇವತೆಗಳಿಗೆ ಬಲಿಯರ್ಪಿಸಿದ್ದ ಕ್ರೈಸ್ತರು ಮರಳಿ ಬಂದಾಗ, ಇವರಿಗೆ ಕ್ಷಮೆಯಿಲ್ಲವೆಂದು ನೊವಾಸಿಯನ್ ಹಟ ಹಿಡಿದನು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ ಒಪ್ಪಲಿಲ್ಲ. 251ರ ಸಭೆಯಲ್ಲಿ ಪ್ರಾಯಶ್ಚಿತ್ತದ ದಾರಿಯನ್ನು ತೆರೆದಿಡಲಾಯಿತು. ಧರ್ಮಸಭೆ ಹಿಡಿದುದು ಆ ದಾರಿಯನ್ನೇ.

ಆತ್ಮದ ಸಾವು ದೇಹದ ಸಾವಿನಂತಲ್ಲ. ಆತ್ಮಕ್ಕೆ ಅಳಿವಿಲ್ಲ, ದೇವರ ವರಪ್ರಸಾದವನ್ನು ಕಳೆದುಕೊಳ್ಳುವುದೇ ಅದರ ಸಾವು. ಜ್ಞಾನಸ್ನಾನದ ಮುದ್ರೆ ಮಾತ್ರ ಎಂದಿಗೂ ಅಳಿಸದು. ಆದ್ದರಿಂದಲೇ ಮರಳಿದವರಿಗೆ ಎರಡನೆಯ ಜ್ಞಾನಸ್ನಾನವಿಲ್ಲ, ಪಾಪನಿವೇದನೆಯುಂಟು. ಇನ್ನೊಂದು ಮಾತು: ಪೂರ್ಣ ಅರಿವು, ಪೂರ್ಣ ಸಮ್ಮತಿ ಇಲ್ಲದೆ ಮಾರಕ ಪಾಪವಿಲ್ಲ. ಕತ್ತಿಯ ಮುಂದೆ ತಲೆಬಾಗಿದವನ ಸಮ್ಮತಿಯನ್ನು ತೂಗಬಲ್ಲವನು ದೇವರೊಬ್ಬನೇ.

ದ್ಯುಬುವಾ ಲೇಖನಿಯಲ್ಲಿ ಇಷ್ಟು ಮೃದುವಾಗಿರಲಿಲ್ಲ. ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಡಲು ಒಬ್ಬನೂ ಮುಂದಾಗಲಿಲ್ಲವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಕಟುವಾಗಿ ಬರೆದರು. ಈ ಮಾತನ್ನು ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. 1792ರಲ್ಲಿ ಗುರುದೀಕ್ಷೆ ಪಡೆದ ಅವರು, ಫ್ರಾನ್ಸಿನ ಕ್ರಾಂತಿಯ ಭೀಕರತೆಯಿಂದ ತಪ್ಪಿಸಿಕೊಂಡು ಬಂದೆನೆಂದು ತಾವೇ ಹೇಳಿಕೊಂಡವರಲ್ಲವೇ? ಆದರೂ ಮರಳಿ ಬಂದವರನ್ನು ಅವರು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಹೀಗೆ ಸೇರಿಸಿಕೊಂಡವರು ಸುಮಾರು 1,800 ಮಂದಿ ಎಂದು ಅವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಸಿಡುಬಿಗೆ ಲಸಿಕೆ ಹಾಕಿಸಿ ಜನರ ದೇಹವನ್ನು ಉಳಿಸಲು ಓಡಾಡಿದವರೂ ಅವರೇ. ಗಂಜಾಮಿನ ದೇವಾಲಯವನ್ನು ಈಗಲೂ ಅವರ ಹೆಸರಿನಿಂದ ಕರೆಯುತ್ತಾರೆ.

ಸೆರೆಯಿಂದ ಬಿಡುಗಡೆಯಾದ ಹಲವರು ಕರಾವಳಿಗೆ ಹಿಂದಿರುಗಿ, ಕೆಡವಲ್ಪಟ್ಟಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು. ನಿತ್ಯಜೀವವೆಂದರೆ ಮರಣಾನಂತರ ದೊರೆಯುವ ಬಹುಮಾನವೆಂದಷ್ಟೇ ನಾವು ಎಣಿಸುತ್ತೇವೆ. ದೇವರನ್ನು ಅರಿಯುವುದೇ ನಿತ್ಯಜೀವವೆಂದು ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಶ್ರೀರಂಗಪಟ್ಟಣದಲ್ಲಿ ಪಾಪನಿವೇದನೆಗೆ ಮೊಣಕಾಲೂರಿದವರಿಗೆ ಅದು ಅಲ್ಲಿಯೇ, ಆ ಮಣ್ಣಿನ ಮೇಲೆಯೇ ಮತ್ತೆ ಮೊದಲಾಯಿತು.

ಇಷ್ಟೆಲ್ಲವನ್ನು ಹೇಳಲು ಸ್ಮಶಾನದ ಬಾಗಿಲಲ್ಲಿ ಸಮಯವಿರಲಿಲ್ಲ. "ಬದುಕುತ್ತದೆ. ನಿಮ್ಮ ತಮ್ಮನನ್ನು ನೋಡಲು ಯಾವಾಗ ಬರಲಿ?" ಎಂದಷ್ಟೇ ಕೇಳಿದೆ. ಹಿರಿಯರು ತುಸು ಹೊತ್ತು ಸುಮ್ಮನಿದ್ದು, "ಈ ಪ್ರಶ್ನೆ ಕೇಳಿಕೊಂಡು ಬಾ ಅಂತ ಕಳಿಸಿದ್ದೇ ಅವನು, ಸ್ವಾಮಿ" ಎಂದರು.