ಕಡತ ಬಿಡಿಸಿದ ಕೈಗೆ ಕೀಲಿಮಣೆ

ಸರ್ಕಾರಿ ಕಚೇರಿಗಳಲ್ಲಿ ಈಗ ಕಡತ ಎಂದರೆ ಫೈಲು. ಹಿಂದೆ ಮೈಸೂರು ಸೀಮೆಯ ಶಾನುಭೋಗರಿಗೆ ಅದು ಬಟ್ಟೆಯ ಪುಸ್ತಕ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ, ಒಂದಡಿಗೆ ಮೀರದ ಅಗಲದ ಹತ್ತಿಬಟ್ಟೆಗೆ ಎರಡೂ ಬದಿಯಲ್ಲಿ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಹಚ್ಚಿ ಒಣಗಿಸುತ್ತಿದ್ದರು. ಬಳಿಕ ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಬಣ್ಣದ ಮರದ ಹಲಗೆ ಅಂಟಿಸಿದರೆ ಕಡತ ಸಿದ್ಧ. ಬರೆಯಲು ಬಳಪ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ಬೇಡವೆನಿಸಿದ್ದನ್ನು ಉಜ್ಜಿ ಅಳಿಸಿ ಅಲ್ಲೇ ಬೇರೆ ಬರೆಯಬಹುದು.

ಹೀಗೆ ಅಳಿಸಬಹುದಾದ ಪುಸ್ತಕವನ್ನು ಅರಸನಾಗಲಿ ರೈತನಾಗಲಿ ನಂಬಿದ್ದು ಹೇಗೆ? ಅವರು ನಂಬಿದ್ದು ಪುಸ್ತಕವನ್ನಲ್ಲ, ಅದನ್ನು ಇಟ್ಟುಕೊಂಡಿದ್ದ ಮನೆಯನ್ನು. ಶಾನುಭೋಗಿಕೆ ವಂಶದ ಹಕ್ಕಾಗಿತ್ತು; ಅದರ ತರಬೇತಿಯೂ ಮನೆಯಲ್ಲೇ. ಹಾಗ, ವೀಸ, ಕಾಣಿಗಳ ಲೆಕ್ಕ, ಹೊಲಗಳ ಹೆಸರು, ಯಾರ ಬಾಕಿ ಎಷ್ಟು ಎಂಬುದೆಲ್ಲ ತಂದೆಯ ಪಕ್ಕದಲ್ಲಿ ಕುಳಿತೇ ಮಗನಿಗೆ ಬರಬೇಕು. ಹೊರಗಿನವರಿಗೆ ಆ ಬರಹ ಓದಲು ಬರುತ್ತಿರಲಿಲ್ಲ. ಶಾನುಭೋಗರ ಅಧಿಕಾರದ ಗುಟ್ಟೂ ಬಹುಮಟ್ಟಿಗೆ ಅದೇ.

ಲೆಕ್ಕದ ಪದ್ಧತಿ ಎಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ಕೈವಾರವೇ ಸಾಕ್ಷಿ. ಚಿಂತಾಮಣಿ ತಾಲ್ಲೂಕಿನ ಈ ಊರಿನ ಯೋಗಿ ನಾರೇಯಣರು, ಅಂದರೆ ಕೈವಾರ ತಾತಯ್ಯನವರು, 1726ರಿಂದ 1836ರವರೆಗೆ ಬಾಳಿದರೆಂಬುದು ಪರಂಪರೆಯ ನಂಬಿಕೆ. ಆ ಒಂದು ಆಯುಷ್ಯದಲ್ಲಿ ಈ ಸೀಮೆ ಶಿರಾದ ಮೊಗಲ್ ಸುಬೇದಾರರನ್ನು, ಮರಾಠರನ್ನು, ಹೈದರ್ ಮತ್ತು ಟಿಪ್ಪುವನ್ನು, ದಿವಾನ್ ಪೂರ್ಣಯ್ಯನವರನ್ನು, ಕೊನೆಗೆ ಬ್ರಿಟಿಷ್ ಕಮಿಷನರನ್ನು ಕಂಡಿತು. (ತಾತಯ್ಯನವರು ಬಳೆ ಮಾರುತ್ತಿದ್ದರೆಂದೂ ವ್ಯಾಪಾರದ ಲೆಕ್ಕ ಅವರಿಗೆ ಒಗ್ಗಲಿಲ್ಲವೆಂದೂ ಕಥೆಯಿದೆ.)

ಟಿಪ್ಪು ಕಂದಾಯದ ಲೆಕ್ಕ ಫಾರಸಿಯಲ್ಲಿರಬೇಕೆಂದು ಆಜ್ಞಾಪಿಸಿದ. ಇದರಿಂದ ಪಳಗಿದ ಲೆಕ್ಕಿಗರು ಮೂಲೆಗುಂಪಾದರೆಂದು ಇತಿಹಾಸಕಾರ ವಿಲ್ಕ್ಸ್ ದೂರುತ್ತಾನೆ. ಟಿಪ್ಪುವಿನ ಶತ್ರು ಪಾಳೆಯದವನ ಮಾತಾದ್ದರಿಂದ ಇದನ್ನು ತೂಗಿ ನೋಡಿಯೇ ಒಪ್ಪಬೇಕು. ಆದರೂ ಫಾರಸಿ ಬಾರದವರ ಕೈಯಲ್ಲಿ ಫಾರಸಿಯ ಲೆಕ್ಕ ನಡೆಯುವುದು ಕಷ್ಟವೆಂಬುದರಲ್ಲಿ ಅನುಮಾನವಿಲ್ಲ. 1799ರ ನಂತರ ಪೂರ್ಣಯ್ಯನವರ ಆಡಳಿತದಲ್ಲಿ ಲೆಕ್ಕ ಮತ್ತೆ ಕನ್ನಡಕ್ಕೂ ಮರಾಠಿಗೂ ಮರಳಿತು. ಆಮೇಲೆ ಕಾಗದ ಬಂತು, ಕಡತ ಹಿಂದೆ ಸರಿದು ಹೆಸರಷ್ಟೇ ಉಳಿಯಿತು. ಶಾನುಭೋಗರು ಮಾತ್ರ ಉಳಿದರು. ಅವರ ವಂಶಪಾರಂಪರ್ಯದ ಹಕ್ಕು ತೀರಿದ್ದು ಗ್ರಾಮಾಧಿಕಾರಗಳ ರದ್ಧತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ. ಅವರ ಜಾಗಕ್ಕೆ ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕದ ಯಜಮಾನ ಬದಲಾದ. ಪಹಣಿ ಮಾತ್ರ ಕೈಬರಹದಲ್ಲೇ ಮುಂದುವರಿಯಿತು.

ಕೈಬರಹ ನಿಂತದ್ದು 2000ದ ಆಸುಪಾಸಿನ ಭೂಮಿ ಯೋಜನೆಯಿಂದ. 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿಗೆ ಯಾರು ಬೇಕಾದರೂ ಪ್ರತಿ ಪಡೆಯಬಹುದಾಯಿತು. ತರಬೇತಿಯ ಮಟ್ಟಿಗೆ ಇಲ್ಲಿ ಮುಖ್ಯವಾದುದು ಕೀಲಿ ಒತ್ತುವ ವಿದ್ಯೆಯಲ್ಲ. ಮುದ್ರಿತ ಪಟ್ಟಿಯನ್ನು ಹಳೆಯ ಪುಸ್ತಕದೊಡನೆ ಹೋಲಿಸಿ ತಪ್ಪು ತಿದ್ದುವ ಕೆಲಸ ಗ್ರಾಮ ಲೆಕ್ಕಿಗರದೇ ಆಗಿತ್ತು. ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚು ಕೊಟ್ಟ ನೌಕರನಷ್ಟೇ ದಾಖಲೆಗೆ ಕೈ ಹಾಕಬಹುದಿತ್ತು. ಬಳಪದ ಗೆರೆಯನ್ನು ಉಜ್ಜಿದವರಾರೆಂದು ಕಡತ ಹೇಳುತ್ತಿರಲಿಲ್ಲ. ತಿದ್ದಿದವರಾರೆಂಬುದನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತದೆ.

ಹಣಕಾಸಿನ ಲೆಕ್ಕದಲ್ಲಿ ಇದಕ್ಕೂ ಕಠಿಣವಾದ ಪಾಠ ಗ್ರಾಮ ಪಂಚಾಯಿತಿಗಳ ಪಾಲಿಗೆ ಬಂತು. ಗ್ರಾಮ ಪಂಚಾಯಿತಿಗಳ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು 2006ರಲ್ಲಿ ದ್ವಿನಮೂದು ಪದ್ಧತಿಯನ್ನು ತಂದವು. ಅದಕ್ಕೆ ಕನ್ನಡದಲ್ಲೇ ಕೆಲಸ ಮಾಡುವ ತಂತ್ರಾಂಶ ಪಂಚತಂತ್ರ. ಅಲ್ಲಿಯವರೆಗೆ ನೌಕರರಿಗೆ ತಿಳಿದಿದ್ದ ಲೆಕ್ಕ ಎಂದರೆ ಜಮಾ, ಖರ್ಚು, ಶಿಲ್ಕು. ಕೊಳವೆಬಾವಿಗೆ ಮೋಟಾರು ಕೊಂಡರೆ ಖರ್ಚು ಬರೆದು ಪುಟ ಮಗುಚುತ್ತಿದ್ದರು. ದ್ವಿನಮೂದಿನಲ್ಲಿ ಹಣ ಹೊರಗೆ ಹೋಯಿತು, ಮೋಟಾರು ಆಸ್ತಿಯಾಗಿ ಒಳಗೆ ಬಂತು ಎಂದು ಎರಡು ಕಡೆ ಬರೆಯಬೇಕು. ನೀರಿನ ಕಂದಾಯ ಕಟ್ಟದವನ ಹೆಸರೂ ಬಾಕಿಯಾಗಿ ಲೆಕ್ಕದೊಳಗೇ ನಿಲ್ಲುತ್ತದೆ. ಮಳೆ ನಂಬಿದ ಕೆರೆ, ವರ್ಷ ವರ್ಷ ಆಳಕ್ಕಿಳಿಯುವ ಕೊಳವೆಬಾವಿಗಳ ಈ ಸೀಮೆಯಲ್ಲಿ ನೀರಿನ ಬಾಕಿ ಸಣ್ಣ ಸಂಗತಿಯಲ್ಲ. ಅದರ ಪಟ್ಟಿ ಹೊರಬಂದರೆ ಯಾರಿಗೆ ಮುಜುಗರವೆಂಬುದು ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತ ಎಲ್ಲರಿಗೂ ಗೊತ್ತು.

ಪಂಚಾಯಿತಿ ನೌಕರರ ತರಬೇತಿಯ ಹೊಣೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯದು. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಮಂತ್ರಿಯ ಹೆಸರಿನ ಈ ಸಂಸ್ಥೆ, ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಿಗೂ ಪಾಠ ಮುಟ್ಟಿಸಿತು. ಕೀಲಿಮಣೆಯ ತೊಡಕೂ ಅಷ್ಟರಲ್ಲಿ ಕಡಿಮೆಯಾಗಿತ್ತು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಉಚ್ಚಾರಣೆಯೇ ದಾರಿ ತೋರುವುದರಿಂದ, ಮನೆಯಲ್ಲಿ ತೆಲುಗಾಡಿ ಕಚೇರಿಯಲ್ಲಿ ಕನ್ನಡ ಬರೆಯುವ ಚಿಂತಾಮಣಿಯ ಕಡೆಯವರಿಗೂ ಅದು ಬೇಗ ಕೈಹಿಡಿಯುವಂಥದು.

ತಂತ್ರಾಂಶ ಕಲಿತದ್ದು ಅರ್ಧ ಕೆಲಸ ಮಾತ್ರ. ದ್ವಿನಮೂದು ಶುರುವಾಗಬೇಕಾದರೆ ಆರಂಭದ ಶಿಲ್ಕು ಬೇಕು: ಪಂಚಾಯಿತಿಗೆ ಎಷ್ಟು ಬಾವಿ, ಎಷ್ಟು ಮೋಟಾರು, ಎಷ್ಟು ಕಟ್ಟಡ, ಯಾವ ಮನೆಯ ಬಾಕಿ ಯಾವ ವರ್ಷದ್ದು? ಪರದೆ ಈ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಉತ್ತರ ಮೈಸೂರಿನ ತರಗತಿಯಲ್ಲಿ ಸಿಗುವಂಥದಲ್ಲ. ರಶೀದಿ ಪುಸ್ತಕ ಹಿಡಿದು ಬೀದಿ ಸುತ್ತಿದ ಕರ ವಸೂಲಿಗಾರನಲ್ಲಿ, ಕೆಟ್ಟ ಮೋಟಾರು ಎಲ್ಲಿ ಬಿದ್ದಿದೆಯೆಂದು ಬಲ್ಲ ನೀರಗಂಟಿಯಲ್ಲಿ ಅದು ಇರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಗುಮಾಸ್ತ ಮೊದಲ ನಮೂದು ಮಾಡಬೇಕು.