ಕಾರುಗಳ ಬದಲಿ ಟೈರುಗಳ ಆಯ್ಕೆ: ಬಾಳಿಕೆ ಮತ್ತು ರಸ್ತೆ ಹಿಡಿತ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರಂತೆ ಕಾರಿನ ಟೈರಿನ ಗೀರುಗಳ ಆಳವು 1.6 ಮಿ.ಮೀ.ಗಿಂತ ಕಡಿಮೆಯಿರತಕ್ಕದ್ದಲ್ಲ. ಅರ್ಹತಾ ಪತ್ರಕ್ಕಾಗಲಿ, 15 ವರ್ಷಗಳ ನಂತರದ ನೋಂದಣಿ ನವೀಕರಣಕ್ಕಾಗಲಿ ಅರ್ಜಿ ಸಲ್ಲಿಸುವವರು ತಪಾಸಣೆಗೆ ಮುನ್ನವೇ ಇದನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಗೀರುಗಳ ತಳದಲ್ಲಿರುವ ಸಣ್ಣ ದಿಣ್ಣೆಗಳ ಮಟ್ಟಕ್ಕೆ ಟೈರು ಸವೆದಿದ್ದಲ್ಲಿ ಬದಲಾಯಿಸತಕ್ಕದ್ದು.

ಗಟ್ಟಿ ರಬ್ಬರಿನ ಟೈರು ಹೆಚ್ಚು ಕಾಲ ಬಾಳುತ್ತದೆ. ಮೃದು ರಬ್ಬರಿನದು ಒದ್ದೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಸಾಮಾನ್ಯವಾಗಿ ಒಂದು ಗುಣ ಹೆಚ್ಚಿದಂತೆ ಇನ್ನೊಂದು ತಗ್ಗುತ್ತದೆ.

ಇಂಡಿ ತಾಲ್ಲೂಕಿನ ಹೊರ್ತಿ ಗ್ರಾಮವು ಸೊಲ್ಲಾಪುರ–ವಿಜಯಪುರ ರಾಷ್ಟ್ರೀಯ ಹೆದ್ದಾರಿ 52ರಲ್ಲಿದೆ. ಮಳೆ ಕಡಿಮೆಯಿರುವ ಇಂತಹ ಪ್ರದೇಶದಲ್ಲಿ ಬಾಳಿಕೆಯೊಂದನ್ನು ನೋಡಿದರೆ ಸಾಕೆಂದು ಭಾವಿಸುವುದು ಸರಿಯಲ್ಲ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಧೂಳು ಮತ್ತು ಎಣ್ಣೆಯ ಜಿಡ್ಡು ಕೂಡಿರುತ್ತದೆ; ಮೊದಲ ಮಳೆ ಬಿದ್ದೊಡನೆ ಅದು ಜಾರುಪದರವಾಗುತ್ತದೆ. ಟ್ರ್ಯಾಕ್ಟರುಗಳ ಗಾಲಿಗೆ ಅಂಟಿ ಬಂದ ಎರೆಮಣ್ಣು ಸೇರಿದರಂತೂ ಯಾವ ಟೈರೂ ಪೂರ್ಣ ಹಿಡಿತ ನೀಡದು. ಅಲ್ಲಿ ವೇಗ ತಗ್ಗಿಸುವುದೊಂದೇ ದಾರಿ. ಗೀರುಗಳು 3 ಮಿ.ಮೀ. ಆಸುಪಾಸಿಗೆ ಬಂದಾಗಲೇ ನೀರನ್ನು ಹೊರದೂಡುವ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ಆದ್ದರಿಂದ ಕಾನೂನಿನ ಮಿತಿಯವರೆಗೆ ಕಾಯದೆ ಮುಂಗಾರಿಗೆ ಮುನ್ನವೇ ಬದಲಾಯಿಸುವುದು ಒಳಿತು.

ಮಾಲೀಕರು ವರ್ಷದ ಓಡಾಟವನ್ನು ಲೆಕ್ಕ ಹಾಕಬೇಕು. ವರ್ಷಕ್ಕೆ 6,000 ಕಿ.ಮೀ. ಓಡುವ ಕಾರಿಗೆ 60,000 ಕಿ.ಮೀ. ಬಾಳುವ ಟೈರು ಹಾಕಿದಲ್ಲಿ ಅದು ಸವೆಯಲು 10 ವರ್ಷ ಬೇಕು. ಅಷ್ಟರೊಳಗೆ ರಬ್ಬರು ಬಿಸಿಲಿಗೆ ಗಡುಸಾಗಿ ಬಿರುಕು ಬಿಡುವ ಸಂಭವವೇ ಹೆಚ್ಚು. ಅಂದರೆ ಬಳಸಲಾಗದ ಬಾಳಿಕೆಗಾಗಿ ಹಿಡಿತವನ್ನು ಬಿಟ್ಟುಕೊಟ್ಟಂತಾಗುತ್ತದೆ. ದಿನನಿತ್ಯ ಓಡುವ ಟ್ಯಾಕ್ಸಿಯ ಲೆಕ್ಕ ಬೇರೆ. ಅದಕ್ಕೆ ಬಾಳಿಕೆ ಮುಖ್ಯವಾದರೂ ಒದ್ದೆ ರಸ್ತೆಯ ಹಿಡಿತದಲ್ಲಿ ಕೆಳದರ್ಜೆಯದನ್ನು ಆರಿಸಬಾರದು.

ಕೆಲವು ಟೈರುಗಳ ಪಕ್ಕೆಯಲ್ಲಿ ಅಮೆರಿಕದ ಪದ್ಧತಿಯ ದರ್ಜೆಗಳಿರುತ್ತವೆ. 'ಟ್ರೆಡ್‌ವೇರ್' ಅಂಕಿ ಹೆಚ್ಚಿದ್ದಷ್ಟೂ ಸವೆತ ನಿಧಾನ. ಆದರೆ ಈ ಅಂಕಿಯನ್ನು ತಯಾರಕರೇ ನೀಡುವುದರಿಂದ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಹೋಲಿಸಿ ಪ್ರಯೋಜನ ಕಡಿಮೆ. 'ಟ್ರಾಕ್ಷನ್' ಎಎ, ಎ, ಬಿ, ಸಿ ದರ್ಜೆಗಳು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ ಸೂಚಿಸುತ್ತವೆ, ತಿರುವಿನದನ್ನಲ್ಲ. ಇಂಧನ ಉಳಿತಾಯದ ನಕ್ಷತ್ರ ಚೀಟಿಯನ್ನು ಹಿಡಿತದ ದರ್ಜೆಯೆಂದು ತಪ್ಪು ತಿಳಿಯಬಾರದು.

ಎರಡೇ ಟೈರು ಬದಲಿಸುವುದಾದಲ್ಲಿ ಹೊಸವನ್ನು ಹಿಂದಿನ ಗಾಲಿಗಳಿಗೆ ಅಳವಡಿಸತಕ್ಕದ್ದು. ಖರೀದಿಸುವಾಗ ಐಎಸ್‌ಐ ಗುರುತು, ವಾಹನದ ಕೈಪಿಡಿಯಲ್ಲಿ ನಮೂದಿಸಿದ ಅಳತೆ, ಭಾರ ಮತ್ತು ವೇಗದ ಸಂಕೇತಗಳನ್ನು ನೋಡಬೇಕು. ತಯಾರಿಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಉದಾಹರಣೆಗೆ 2324 ಎಂದಿದ್ದಲ್ಲಿ 2024ರ 23ನೇ ವಾರ.