ತಿಪ್ಪಯ್ಯ ಎಂಬ ಹೆಸರು

ಪಾಠಕ್ಕೆ ಮೊದಲು ಹಾಜರಿ ಪುಸ್ತಕ ತೆರೆದು ಹೆಸರು ಕೂಗುವುದು ಮೇಷ್ಟರ ಕೆಲಸಗಳಲ್ಲೆಲ್ಲ ಬೇಸರದ ಕೆಲಸ. ಆ ಬೇಸರ ಕಳೆಯಲು ನಾನು ಕೆಲವು ವರ್ಷಗಳಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪುಸ್ತಕದಲ್ಲಿರುವ ಹೆಸರುಗಳನ್ನು ಕೂಗುತ್ತ, ಇಲ್ಲದ ಹೆಸರುಗಳು ಯಾವುವೆಂದು ಮನಸ್ಸಿನಲ್ಲಿ ಎಣಿಸುವುದು. ಈಗಿನ ಪುಸ್ತಕದಲ್ಲಿ ಯಶಸ್, ಚಿನ್ಮಯ, ಐಶ್ವರ್ಯ, ಸಿಂಚನ ಎಲ್ಲರೂ ಇದ್ದಾರೆ. ಗುಂಡಪ್ಪ ಇಲ್ಲ, ಕಲ್ಲಪ್ಪ ಇಲ್ಲ. ತಿಪ್ಪಯ್ಯ, ತಿಪ್ಪಮ್ಮ, ಹುಚ್ಚಮ್ಮ ಯಾರೂ ಇಲ್ಲ. ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಕಡೆ ಕಣ್ಣು ಹಾಯಿಸಿದರೆ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕುತ್ತಾರೆ. ಅಜ್ಜ ಅಜ್ಜಿಯರ ಹೆಸರು ಕೇಳಿದರೆ ಮಾತ್ರ ಪ್ರತಿ ಬೆಂಚಿನಿಂದಲೂ ಒಬ್ಬೊಬ್ಬರು ಎದ್ದು ಬರುತ್ತಾರೆ.

ಹೋದ ವರ್ಷ ಒಬ್ಬ ಹುಡುಗ, "ಸಾರ್, ನಮ್ಮ ತಾತನ ಹೆಸರು ತಿಪ್ಪಯ್ಯ. ಇಂಥ ಹೆಸರು ಯಾಕಾದರೂ ಇಟ್ಟರೋ" ಎಂದು ಸ್ವಲ್ಪ ನಾಚಿಕೊಂಡೇ ಕೇಳಿದ. ತರಗತಿ ನಕ್ಕಿತು. ನಗುವಂಥ ಹೆಸರಲ್ಲ ಅದು. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಹೋದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದೊಡನೆ ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಬೇಡವೆಂದು ಎಸೆದಂತೆ ಮಾಡಿ, ಮತ್ತೆ ಎತ್ತಿಕೊಂಡು ಬರುತ್ತಿದ್ದರು. ಕೆಲವು ಕಡೆ ಗಂಡು ಕೂಸಿಗೆ ಮೂಗು ಚುಚ್ಚಿಸುವುದೂ ಉಂಟು. ಇದು ಯಾರಿಗೂ ಬೇಡವಾದ ಕಸ, ಕಲ್ಲುಗುಂಡು, ಹುಚ್ಚು ಎಂದು ಹೆಸರಿಟ್ಟು ಕರೆದರೆ ಮೃತ್ಯುವಿನ ಕಣ್ಣು ತಪ್ಪೀತೆಂಬ ಆಸೆ. ತಿಪ್ಪಯ್ಯನೆಂಬ ಹೆಸರು ಹೊತ್ತವರೆಲ್ಲರೂ ಹೀಗೆಯೆ ಹೆಸರು ಪಡೆದವರೆಂದು ನಾನು ಹೇಳುತ್ತಿಲ್ಲ; ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲಿನ ಮನೆಗಳಲ್ಲಿ ಅದು ದೇವರ ಹೆಸರು. ಆದರೂ ನೂರಾರು ಊರುಗಳಲ್ಲಿ ಈ ಹೆಸರಿನ ಹಿಂದೆ ಒಂದು ಸತ್ತ ಕೂಸಿನ ನೆನಪಿದೆ ಎಂಬುದರಲ್ಲಿ ಸಂದೇಹವಿಲ್ಲ.

ಈ ಹೆಸರುಗಳ ಮಾತು ಈಗೇಕೆಂದರೆ, ಈಚೆಗೆ ಎಲ್ಲಿ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ಈಗಿನ ಮಕ್ಕಳಿಗೆ ಬಾಲ್ಯವೇ ಇಲ್ಲ. ನಮ್ಮ ಕಾಲದಲ್ಲಿ ಹೊಳೆ ಇತ್ತು, ಮಾವಿನ ತೋಪಿತ್ತು, ಚಿಣ್ಣಿದಾಂಡು ಇತ್ತು. ಇವಕ್ಕೆ ಮೊಬೈಲು, ಮನೆಪಾಠ, ಬೆನ್ನಿನ ಮೇಲೆ ಚೀಲ. ಈ ಮಾತಿನಲ್ಲಿ ನಿಜವಿಲ್ಲದೆ ಇಲ್ಲ; ನಾನೂ ಆಡಿದ್ದೇನೆ. ಆದರೆ ಇದನ್ನು ಆಡುವವರು ಯಾರೆಂಬುದನ್ನು ಸ್ವಲ್ಪ ನೋಡಬೇಕು. ಬದುಕಿ ಉಳಿದವರು, ಅದರಲ್ಲಿಯೂ ಗಂಡಸರು, ಅದರಲ್ಲಿಯೂ ನಾಲ್ಕಕ್ಷರ ಕಲಿತು ನೆನಪನ್ನು ಬರೆದಿಡಬಲ್ಲವರು. ಬದುಕದೆ ಹೋದವರ ಬಾಲ್ಯಸ್ಮರಣೆ ಯಾವ ಪುಸ್ತಕಭಂಡಾರದಲ್ಲಿಯೂ ಸಿಕ್ಕುವುದಿಲ್ಲ.

ಅವರು ಎಷ್ಟು ಮಂದಿ? 1951ರ ಸುಮಾರಿನಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 32 ವರ್ಷ. ಇದರ ಅರ್ಥ ಜನರೆಲ್ಲ ಮೂವತ್ತೆರಡಕ್ಕೆ ಸಾಯುತ್ತಿದ್ದರೆಂದಲ್ಲ. ಎಪ್ಪತ್ತು ಎಂಬತ್ತು ಬದುಕಿದ ಮುದುಕರು ಆಗಲೂ ಊರೂರಿನಲ್ಲಿ ಇದ್ದರು. ಲೆಕ್ಕವನ್ನು ಅಷ್ಟು ಕೆಳಕ್ಕೆ ಎಳೆದವು ಮುಖ್ಯವಾಗಿ ಐದು ವರ್ಷ ತುಂಬದೆ ಹೋದ ಮಕ್ಕಳು. ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, 1971ರಲ್ಲಿಯೂ, ಈ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಮೊದಲ ವರ್ಷದೊಳಗೆ ತೀರಿಹೋಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ಸಿಡುಬು, ಕಾಲರಾ, ನಾಯಿಕೆಮ್ಮು, ಬಾಣಂತಿಕೋಣೆಯ ಧನುರ್ವಾಯು, ಇವು ಬರಿಯ ರೋಗದ ಹೆಸರುಗಳಾಗಿರಲಿಲ್ಲ. ಮನೆಗೆ ಬಂದು ಹೋಗುವ ನೆಂಟರಂತಿದ್ದವು. 1898ರಲ್ಲಿ ಬೆಂಗಳೂರು, ಮೈಸೂರುಗಳಿಗೆ ಪ್ಲೇಗು ಹೊಕ್ಕ ಮೇಲೆ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ವಾಸಮಾಡುವುದು ಅನೇಕ ಮಕ್ಕಳ ಬಾಲ್ಯದ ಒಂದು ಋತುವೇ ಆಯಿತು. 1918ರ ಇನ್‌ಫ್ಲುಯೆಂಜ ಬಯಲಿಗೆ ಓಡಲೂ ಬಿಡುವು ಕೊಡಲಿಲ್ಲ.

ನನ್ನ ಅಜ್ಜಿಯನ್ನು ಯಾರಾದರೂ "ಮಕ್ಕಳೆಷ್ಟು ಅಮ್ಮ?" ಎಂದು ಕೇಳಿದರೆ ಆಕೆ ಒಂದು ಸಂಖ್ಯೆ ಹೇಳುತ್ತಿರಲಿಲ್ಲ, ಎರಡು ಹೇಳುತ್ತಿದ್ದಳು: "ಹೆತ್ತದ್ದು ಒಂಬತ್ತು, ದಕ್ಕಿದ್ದು ನಾಲ್ಕು." ದನಿಯಲ್ಲಿ ಏರಿಳಿತವಿರುತ್ತಿರಲಿಲ್ಲ. ಆ ಕಾಲದ ಹೆಂಗಸರೆಲ್ಲ ಹಾಗೆಯೆ ಉತ್ತರ ಕೊಡುತ್ತಿದ್ದರು. 'ದಕ್ಕುವುದು' ಎಂಬ ಕ್ರಿಯಾಪದವನ್ನು ಮಕ್ಕಳ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳು ಬಳಸಿದ್ದನ್ನು ನಾನು ಕೇಳಿಲ್ಲ. ಭಾಷೆಯಿಂದ ಒಂದು ಪ್ರಯೋಗ ಬಿದ್ದುಹೋದಾಗ ಕನ್ನಡದ ಮೇಷ್ಟರು ದುಃಖಪಡುವುದು ವಾಡಿಕೆ. ಇದೊಂದಕ್ಕೆ ನನಗೆ ದುಃಖವಿಲ್ಲ.

ಇನ್ನು ದಕ್ಕಿದ ಮಕ್ಕಳ ಸಂಗತಿ. ಅವರಿಗಾದರೂ ನಾವು ಹಾಡಿಹೊಗಳುವ ಬಾಲ್ಯ ಸಿಕ್ಕಿತೆ?

1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಶುವಿವಾಹ ಪ್ರತಿಬಂಧಕ ಕಾಯಿದೆ ಬಂದಿತು. ಆಗ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರು. ಭರತಖಂಡದಲ್ಲಿಯೆ ಮುಂದುವರಿದ ಸಂಸ್ಥಾನವೆಂಬ ಕೀರ್ತಿ ಮೈಸೂರಿಗೆ ಬರಲು ಇಂಥ ಕ್ರಮಗಳೂ ಕಾರಣ. ಆ ಕಾಯಿದೆ ಹೇಳಿದ್ದೇನು? ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಈ ಎರಡು ವಾಕ್ಯಗಳನ್ನು ನಿಧಾನವಾಗಿ ಓದಿಕೊಳ್ಳಬೇಕು. ಎಂಟು ತುಂಬಿದವಳ ಮದುವೆ ನಿರಾತಂಕ. ನಲವತ್ತೊಂಬತ್ತರ ವರನಿಗೂ ಅಡ್ಡಿಯಿಲ್ಲ. ಇಷ್ಟಕ್ಕೇ ಆ ದಿನಗಳಲ್ಲಿ ಧರ್ಮಕ್ಕೆ ಕೈಹಾಕಿದರೆಂದು ಗದ್ದಲವೆದ್ದಿತ್ತು. ನಡೆಯದ ಕೆಲಸವನ್ನು ನಿಷೇಧಿಸಲು ಯಾವ ಸರಕಾರವೂ ಕಾಯಿದೆ ಮಾಡುವುದಿಲ್ಲ. ಹೀಗಾಗಿ ಆ ಕಾಲದ ಬಾಲ್ಯದ ಅಳತೆ ತಿಳಿಯಲು ಯಾವ ಆತ್ಮಕಥೆಗಿಂತಲೂ ಈ ಕಾಯಿದೆಯೇ ನನಗೆ ಹೆಚ್ಚು ನಂಬಿಕೆಯ ಸಾಕ್ಷಿಯಾಗಿ ತೋರುತ್ತದೆ. ಬ್ರಿಟಿಷರ ಆಳ್ವಿಕೆಗೆ ಸೇರಿದ್ದ ಧಾರವಾಡ, ಬಳ್ಳಾರಿ, ಮಂಗಳೂರು ಸೀಮೆಗಳಿಗೆ 1929ರ ಶಾರದಾ ಕಾಯಿದೆ ಹದಿನಾಲ್ಕರ ಗೆರೆ ಎಳೆಯಿತು. ಗೆರೆ ಹದಿನೆಂಟಕ್ಕೆ ಬಂದದ್ದು 1978ರಲ್ಲಿ.

ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತರ ಸುಮಾರಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಕನ್ನಡದ ಮೊದಲ ಕಾದಂಬರಿಕಾರ್ತಿಯೆಂದು, ಪತ್ರಿಕೆ ನಡೆಸಿದ ಹೆಂಗಸೆಂದು ನಾವು ಪಾಠ ಹೇಳುತ್ತೇವೆ. ಅದೇ ದಶಕಗಳಲ್ಲಿ ಬಾಲ್ಯ ಕಳೆದ ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಇವನ್ನೂ ಪಾಠ ಹೇಳುತ್ತೇವೆ. ಕಾಡು, ಕಡಲು, ಯಕ್ಷಗಾನಗಳ ಆ ಬಾಲ್ಯ ಸುಳ್ಳಲ್ಲ. ಆ ಪುಟಗಳ ಸೊಗಸಿಗೆ ನಾನು ಯಾರಿಗೂ ಕಡಿಮೆಯಿಲ್ಲದಂತೆ ಮಾರುಹೋದವನು. ಆದರೆ ಆ ಮನೆಗಳ ಹುಡುಗಿಯರು ಅದೇ ವಯಸ್ಸಿನಲ್ಲಿ ಎಲ್ಲಿದ್ದರೆಂದು ವಿದ್ಯಾರ್ಥಿಗಳು ಕೇಳಲಿ ಎಂದು ಕಾಯುತ್ತೇನೆ. ಕೇಳುವವರು ಹೆಚ್ಚಾಗಿ ಹುಡುಗಿಯರೇ.

ಅವರು ಎಲ್ಲಿದ್ದರು? ಬಹುಮಟ್ಟಿಗೆ ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡು ನಿಂತಿದ್ದರು. ನಮ್ಮ ಹಳೆಯ ಆಟಗಳನ್ನೇ ನೋಡಿ. ಚಿಣ್ಣಿದಾಂಡು, ಲಗೋರಿ, ಮರಕೋತಿ, ಬುಗುರಿ ಇವಕ್ಕೆ ಬಯಲು ಬೇಕು, ಎರಡು ಕೈಯೂ ಬಿಡುವಾಗಿರಬೇಕು. ಅಳಗುಳಿಮಣೆ, ಚೌಕಾಬಾರ, ಕಲ್ಲಾಟ ಇವು ಕುಳಿತು ಆಡುವ ಆಟ. ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಲೆಯ ಮೇಲಿನ ಎಸರಿಗೆ ಒಂದು ಕಿವಿ ಕೊಟ್ಟು, ಕರೆದ ಕೂಡಲೇ ಏಳಬಹುದಾದ ಆಟ. ಕುಂಟೆಬಿಲ್ಲೆಯೊಂದು ಮಾತ್ರ ಹುಡುಗಿಯರನ್ನು ಅಂಗಳಕ್ಕೆ ಇಳಿಸುತ್ತಿತ್ತು, ಅದೂ ಮೈನೆರೆಯುವ ತನಕ. ಹುಡುಗರು ದಿನವೆಲ್ಲ ಹೊಳೆಯಲ್ಲಿ ಬಿದ್ದಿರಲು ಸಾಧ್ಯವಾದದ್ದು ಮನೆಯಲ್ಲಿ ಅಕ್ಕ ಇದ್ದುದರಿಂದ. ಆ ಸ್ವಾತಂತ್ರ್ಯದ ಬೆಲೆಯನ್ನು ತೆತ್ತವಳು ಆಕೆ.

ಹುಡುಗರಲ್ಲಿಯೂ ಎಲ್ಲರಿಗೂ ಒಂದೇ ಹೊಳೆ ಇರಲಿಲ್ಲ. ಐಗಳ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳು ಸವೆಯುವಂತೆ ಓನಾಮ ತಿದ್ದಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಒಪ್ಪಿಸಿ, ಅಮರ ಬಾಯಿಪಾಠ ಮಾಡಿದವರ ವಿದ್ಯೆ ದೊಡ್ಡದೇ. ತಪ್ಪಿದರೆ ಚಿಕೋಟಿ, ಬಸ್ಕಿ, ತೊಲೆಗೆ ಕಟ್ಟಿದ ಹಗ್ಗದಿಂದ ಜೋತುಹಾಕುವ ಕೋದಂಡ. ಮಹಾನವಮಿಯಲ್ಲಿ ಐಗಳ ಹಿಂದೆ ಮನೆಮನೆಗೆ ಹೋಗಿ ಚೌಪದ ಹಾಡುವ ಸಂಭ್ರಮವೂ ಉಂಟು. ಆದರೆ ಆ ಮಠದ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದದ್ದು 1913ರಲ್ಲಿ. ಅದಾಗಿ ಅರ್ಧ ಶತಮಾನ ಕಳೆದ ಮೇಲೆ ಶಾಲೆಗೆ ಹೋದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನು ಓದಿದವರಿಗೆ ದಲಿತರ ಹುಡುಗನಿಗೆ ಆ ಜಗಲಿ ಎಷ್ಟು ಎತ್ತರವಾಗಿತ್ತೆಂದು ಹೇಳಬೇಕಾಗಿಲ್ಲ. ಅಪ್ಪನ ಸಾಲಕ್ಕೆ ಗೌಡರ ಮನೆಯಲ್ಲಿ ಜೀತಕ್ಕೆ ನಿಂತ ಹುಡುಗ ದನಗಳ ಹಿಂದೆ ಕಾಡು ಸುತ್ತಿದ್ದೂ ನಿಜ, ಹಕ್ಕಿಯ ಗೂಡು ಕಂಡದ್ದೂ ನಿಜ. ಅವನು ಬರೆದಿದ್ದರೆ ಅದನ್ನು ಆಟವೆನ್ನುತ್ತಿದ್ದನೋ ಕೆಲಸವೆನ್ನುತ್ತಿದ್ದನೋ! ಜೀತ ಕಾನೂನಿನ ಪ್ರಕಾರ ರದ್ದಾದದ್ದು 1976ರಲ್ಲಿ.

ಹಾಗಾದರೆ ಬಾಲ್ಯವೆಂಬುದು ಬೇರೆಯೆ ಒಂದು ಅವಸ್ಥೆ, ಅದಕ್ಕೆ ತನ್ನದೇ ಆದ ಹಕ್ಕಿದೆ ಎಂಬ ಭಾವನೆ ನಮ್ಮಲ್ಲಿ ಮೂಡಿದ್ದು ಯಾವಾಗ? ಹಳೆಯ ಕಾವ್ಯಗಳಲ್ಲಿ ತೊಟ್ಟಿಲಿದೆ, ತೊದಲು ನುಡಿಯಿದೆ, ಬಾಲಕೃಷ್ಣನ ತುಂಟಾಟವಿದೆ. ಆದರೆ ಮಕ್ಕಳಿಗಾಗಿಯೆ ಬರೆಯುವುದು, ಮಕ್ಕಳಿಗಾಗಿಯೆ ಒಂದು ಮನೆ ಕಟ್ಟುವುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಸಂಗತಿ. ಪಂಜೆ ಮಂಗೇಶರಾಯರು, ಮುಂದೆ ರಾಜರತ್ನಂ ಅವರು ಪದ್ಯ ಬರೆದರು. 1949ರಿಂದ 'ಚಂದಮಾಮ' ಕನ್ನಡದಲ್ಲಿ ಬಂದಿತು. ಆದರೆ ಈ ಚರಿತ್ರೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆರ್. ಕಲ್ಯಾಣಮ್ಮನವರ ಬಳಿ. ಎಳೆಯ ವಯಸ್ಸಿನಲ್ಲಿಯೆ ವಿಧವೆಯಾದವರು. 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು. 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಹುಟ್ಟುಹಾಕಿದರು: ಮಕ್ಕಳು ಬಂದು ಆಡಲಿ, ಹಾಡಲಿ, ನಾಟಕ ಕಟ್ಟಲಿ, ಹುಡುಗಿಯರೂ ಬರಲಿ ಎಂದು. ಬಾಲ್ಯ ಎಷ್ಟು ಅಗಲವಿರಬೇಕೆಂಬುದು, ತನಗೆ ಅದು ಸಿಕ್ಕದೆ ಹೋದವರಿಗೆ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

ಇಷ್ಟು ಹೇಳಿದ ಮೇಲೆ ಈಗಿನ ಮಕ್ಕಳು ಸುಖಿಗಳೆಂದು ತೀರ್ಪು ಕೊಟ್ಟು ಏಳಬಹುದಾಗಿತ್ತು. ಹಾಗೆ ಏಳಲಾಗುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಎರಡು ಅಂಕಿಗಳಿವೆ. ಒಂದು, ಈಗ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಒಂಬತ್ತು ಹೆತ್ತು ನಾಲ್ಕನ್ನು ದಕ್ಕಿಸಿಕೊಂಡ ಮನೆಯಲ್ಲಿ ಯಾವ ಮಗುವಿನ ಮೇಲೂ ತಂದೆತಾಯಿಯ ಪೂರ್ಣ ದೃಷ್ಟಿ ಬೀಳುತ್ತಿರಲಿಲ್ಲ. ಬೀಳಿಸುವ ಧೈರ್ಯವೂ ಇರಲಿಲ್ಲ. ಒಂದೇ ಹೆತ್ತು ಒಂದನ್ನೇ ಉಳಿಸಿಕೊಂಡ ಮನೆಯಲ್ಲಿ ಆ ಒಂದರ ಮೇಲೆಯೆ ನಾಲ್ಕು ಕಣ್ಣು, ಅಜ್ಜ ಅಜ್ಜಿಯರದೂ ಸೇರಿದರೆ ಹನ್ನೆರಡು. ಹಿಂದಿನ ಹುಡುಗನ ಸ್ವಾತಂತ್ರ್ಯ ಯಾರೂ ಕೊಟ್ಟದ್ದಲ್ಲ, ಯಾರೂ ಗಮನಿಸದೆ ಇದ್ದುದರಿಂದ ಸಿಕ್ಕಿದ್ದು. ಇಂದಿನ ಮಗುವಿಗೆ ಸಿಕ್ಕದಿರುವುದು ಅದೇ: ದಿನದಲ್ಲಿ ಒಂದು ಗಂಟೆ ಯಾರ ಕಣ್ಣಿಗೂ ಬೀಳದೆ ಇರುವುದು. ಮೊಬೈಲನ್ನು ನಾವು ಬಯ್ಯುತ್ತೇವೆ. ಮುಚ್ಚಿದ ಬಾಗಿಲಿನ ಹಿಂದೆ ಹುಡುಗ ಅದರಲ್ಲಿ ಹುಡುಕುತ್ತಿರುವುದು ಮಾವಿನ ತೋಪನ್ನೇ ಇರಬಹುದು. ಸಿಕ್ಕುವುದು ಮಾತ್ರ ಬೇರೆ.

ಎರಡನೆಯ ಅಂಕಿ: ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿಯೂ ಹೆಚ್ಚು ಕಡಿಮೆ ಇದೇ ಅಂಕಿ. ಹಾಜರಿ ಪುಸ್ತಕದ ಮಾತನ್ನು ಮತ್ತೆ ಎತ್ತುವುದಾದರೆ, ಕೆಲವು ಹೆಸರುಗಳ ಮುಂದೆ ಉತ್ತರ ಬಾರದೆ ಹೋದಾಗ ಗೆಳತಿಯರು ಮುಖ ಮುಖ ನೋಡಿಕೊಳ್ಳುವುದುಂಟು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸರಕಾರ 'ವಿದ್ಯಾಗಮ'ವೆಂಬ ಯೋಜನೆಯಲ್ಲಿ ಮೇಷ್ಟರನ್ನು ಊರೂರಿಗೆ ಕಳಿಸಿ, ಗುಡಿಯ ಅಂಗಳ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿಸಿತು. ಐಗಳ ಮಠ ಮರಳಿ ಬಂದಂತಿತ್ತು. ಶಾಲೆಗಳ ಬಾಗಿಲು ತೆರೆದ ಮೇಲೆ ಮರಳಿ ಬಾರದ ಹುಡುಗಿಯರ ವಿಷಯವನ್ನು ಯಾವ ಊರಿನ ಮೇಷ್ಟರನ್ನು ಕೇಳಿದರೂ ಹೇಳಿಯಾರು.

ತಿಪ್ಪಯ್ಯನ ಮೊಮ್ಮಗನಿಗೆ ಆ ದಿನ ತಿಪ್ಪೆಯ ಕಥೆಯನ್ನೆಲ್ಲ ಹೇಳಿ, ಮನೆಯಲ್ಲಿ ವಿಚಾರಿಸಿಕೊಂಡು ಬಾ ಎಂದಿದ್ದೆ. ತಾತ ತೀರಿಕೊಂಡು ನಾಲ್ಕು ವರ್ಷವಾಗಿತ್ತಂತೆ. ಅವರ ತಂಗಿ, ಎಂಬತ್ತರ ಹತ್ತಿರದ ಮುದುಕಿ, ಊರಿನಲ್ಲಿ ಇದ್ದಳು. ಹುಡುಗ ಫೋನು ಮಾಡಿ ಕೇಳಿದ್ದಾನೆ. ಸೋಮವಾರ ಬಂದು, ಈ ಸಲ ನಾಚಿಕೆಯಿಲ್ಲದೆ, ಹೇಳಿದ: "ತಾತನಿಗಿಂತ ಮುಂಚೆ ಮೂರು ಹುಟ್ಟಿದ್ದವಂತೆ, ಸಾರ್. ಎರಡು ಗಂಡು, ಒಂದು ಹೆಣ್ಣು. ಹೆಸರು ಕೇಳಿದೆ. ಹೆಣ್ಣು ಕೂಸಿಗೆ ಹೆಸರು ಇಡೋ ಮುಂಚೆಯೆ ಹೋಯಿತಂತೆ. ಗಂಡು ಕೂಸುಗಳ ಹೆಸರು ಅಜ್ಜಿಗೆ ಗೊತ್ತಿಲ್ಲ."